ಗೋದಾವರಿ ಕಣಿವೆಯ ದೊಡ್ಡ ಕಾಲಿನ ಪ್ರಾಣಿ

ಹೈಸ್ಕೂಲಿನಲ್ಲಿ ಇತಿಹಾಸವೆಂದರೆ ನನಗೆ ರಾಜರು, ಯುದ್ಧಗಳು, ಇಸವಿಗಳು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಅವೂ ಮರೆತುಹೋದವು. ಕೆಲವು ವರ್ಷಗಳ ಹಿಂದೆ ಕಚೇರಿ ಕೆಲಸದ ಮೇಲೆ ಕೋಲ್ಕತ್ತಕ್ಕೆ ಹೋದಾಗ, ಅಲ್ಲಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಬಾರಾಪಾಸಾರಸ್ ಎಂಬ ಡೈನೋಸಾರ್‌ನ ಅಸ್ಥಿಪಂಜರ ನೋಡಿದೆ. ಅದರ ತೊಡೆಮೂಳೆಯೊಂದೇ ಸುಮಾರು 1.7 ಮೀಟರ್, ನನ್ನಷ್ಟೇ ಎತ್ತರ!

ಲೆಕ್ಕದ ಸಂಸ್ಥೆಯಲ್ಲಿ ಡೈನೋಸಾರ್ ಏಕೆ? ಸಂಸ್ಥಾಪಕ ಪಿ.ಸಿ. ಮಹಾಲನೋಬಿಸ್ ಅವರು 1950ರ ದಶಕದಲ್ಲಿ ಲಂಡನ್ನಿನ ವಿಜ್ಞಾನಿ ಪಮೇಲಾ ರಾಬಿನ್ಸನ್ ಅವರನ್ನು ಕರೆಸಿ ಪಳೆಯುಳಿಕೆಗಳ ಅಧ್ಯಯನ ಆರಂಭಿಸಿದರು. ಅದರ ಫಲವಾಗಿ ಗೋದಾವರಿ ಕಣಿವೆಯಲ್ಲಿ ಸುಮಾರು 300 ಮೂಳೆಗಳು ದೊರೆತವು. ಅವು ಒಂದೇ ಪ್ರಾಣಿಯವಲ್ಲ, ಕನಿಷ್ಠ ಆರು ಪ್ರಾಣಿಗಳವು, ಬೆರೆತುಹೋಗಿದ್ದವು. ಹೆಚ್ಚಿನ ಮೂಳೆಗಳನ್ನು ತೆಗೆದದ್ದು 1961ರಲ್ಲಿ. ಅದು ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ವರ್ಷ. ಬಂಗಾಳಿಯಲ್ಲಿ 'ಬಡಾ ಪಾ' ಎಂದರೆ ದೊಡ್ಡ ಕಾಲು. ಹೀಗಾಗಿ 1975ರಲ್ಲಿ ಜೈನ್, ಕುಟ್ಟಿ, ರಾಯ್ ಚೌಧುರಿ ಮತ್ತು ಚಟರ್ಜಿ ಅವರು ಈ ಪ್ರಾಣಿಗೆ 'ಬಾರಾಪಾಸಾರಸ್ ಟಾಗೋರೈ' ಎಂದು ಹೆಸರಿಟ್ಟರು.

ಇಂಥ ಮೂಳೆಯನ್ನು ಗೆಣಸು ಕಿತ್ತಂತೆ ಕೀಳಲಾಗದು. ಮೊದಲು ಸುತ್ತಲಿನ ಮಣ್ಣು ಬಿಡಿಸಿ, ಬಿರುಕುಗಳಿಗೆ ಅಂಟು ಕುಡಿಸುತ್ತಾರೆ. ಒದ್ದೆ ಕಾಗದ ಹೊದಿಸಿ, ಪ್ಲಾಸ್ಟರ್‌ನಲ್ಲಿ ಅದ್ದಿದ ಗೋಣಿಪಟ್ಟಿ ಸುತ್ತುತ್ತಾರೆ; ಮುರಿದ ಕೈಗೆ ಆಸ್ಪತ್ರೆಯಲ್ಲಿ ಹಾಕುವ ಕಟ್ಟಿನ ಹಾಗೆ. ಎತ್ತುವ ಮೊದಲೇ ಅದು ಎಲ್ಲಿ, ಯಾವ ದಿಕ್ಕಿಗೆ, ಯಾವುದರ ಪಕ್ಕದಲ್ಲಿತ್ತು ಎಂದು ನಕ್ಷೆ ಬರೆದು ಸಂಖ್ಯೆ ಹಾಕುತ್ತಾರೆ. ಪ್ರಯೋಗಾಲಯದಲ್ಲಿ ಸಣ್ಣ ಉಳಿ, ಸೂಜಿಗಳಿಂದ ಕಲ್ಲು ಬಿಡಿಸಲು ತಿಂಗಳುಗಳೇ ಬೇಕು. ಕೊನೆಗೆ ಕಬ್ಬಿಣದ ಆಧಾರದ ಮೇಲೆ ಜೋಡಣೆ. ಇಲ್ಲದ ಮೂಳೆಗೆ ಅಚ್ಚು ಮಾಡಿ ಕೂರಿಸಬಹುದು. ಆದರೆ ಯಾವುದು ಅಸಲು, ಯಾವುದು ಅಚ್ಚು ಎಂಬುದು ದಾಖಲೆಯಲ್ಲಿ ಇರಲೇಬೇಕು. ಬಾರಾಪಾಸಾರಸ್‌ನ ಕೆಲವು ಹಲ್ಲುಗಳು ಸಿಕ್ಕವು, ತಲೆಬುರುಡೆ ಸಿಗಲಿಲ್ಲ. ವಿಜ್ಞಾನಿಗಳು ಅದನ್ನು ಹಾಗೆಯೇ ಬರೆದಿಟ್ಟರು.

ಆ ಸಂಖ್ಯೆಗಳ ಬೆಲೆ ನನಗೆ ತಿಳಿದದ್ದು ಈ ಸಂಚಿಕೆಯ ಕೆಲಸದಲ್ಲಿ. ಹಳೆಯ ವಿದ್ಯಾರ್ಥಿಗಳ ಮನೆಗಳಿಂದ ತಂದ ಫೋಟೋಗಳನ್ನು ಸ್ಕ್ಯಾನ್ ಮಾಡುವ ಹೊಣೆ ನನ್ನದಾಗಿತ್ತು. ಒಂದೇ ರಾತ್ರಿ ಮುಗಿಸುವ ಅವಸರದಲ್ಲಿ ಮುಂಭಾಗ ಮಾತ್ರ ಸ್ಕ್ಯಾನ್ ಮಾಡಿ ಹಿಂದಿರುಗಿಸಿದೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿದ್ದ ಹೆಸರು, ಇಸವಿಗಳು ಉಳಿಯಲಿಲ್ಲ. ಯಾವುದು ಯಾರ ಮನೆಯದೆಂದೂ ಬರೆದುಕೊಂಡಿರಲಿಲ್ಲ. ಕಬಡ್ಡಿ ತಂಡದ ಒಂದು ಚಿತ್ರದಲ್ಲಿ ಏಳು ಹುಡುಗರಿದ್ದಾರೆ. ಮೂವರನ್ನು ಹಿರಿಯರು ಗುರುತಿಸಿದರು. ಉಳಿದ ನಾಲ್ವರ ಜಾಗವನ್ನು ಊಹೆಯಿಂದ ತುಂಬದೆ ಖಾಲಿ ಬಿಟ್ಟಿದ್ದೇವೆ.

ಓದುಗರಲ್ಲಿ ಯಾರಿಗಾದರೂ ಆ ಮುಖಗಳ ಗುರುತು ಹತ್ತಿದರೆ ದಯವಿಟ್ಟು ಶಾಲೆಗೆ ತಿಳಿಸಿ. ಈ ಸಲ ತಪ್ಪದೆ ಬರೆದಿಡುತ್ತೇನೆ.