ಅಂಡಾಶಯ, ಹಾರ್ಮೋನು ಮತ್ತು ಎದೆಬಡಿತ

ಅಂಡಾಶಯಗಳಿರುವುದು ಕಿಬ್ಬೊಟ್ಟೆಯಲ್ಲಿ, ಹೃದಯವಿರುವುದು ಎದೆಗೂಡಿನಲ್ಲಿ. ಆದರೂ ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯಗಳನ್ನು ತೆಗೆದರೆ, ಕೆಲವೇ ದಿನಗಳಲ್ಲಿ ಹಲವು ಮಹಿಳೆಯರಿಗೆ ಮೈ ಬಿಸಿಯೇರಿ, ಬೆವರೊಡೆದು, ಎದೆ ಡವಡವ ಹೊಡೆದುಕೊಳ್ಳುತ್ತದೆ. ಏಕೆ? ಉತ್ತರ ದೊರೆಯಲು ಬಹುಕಾಲ ಹಿಡಿಯಿತು.

1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಫ್ರೇಮ್ ಮ್ಯಾಕ್‌ಡೊವೆಲ್ ಎಂಬ ವೈದ್ಯ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಅಂಡಾಶಯದಿಂದ ಸುಮಾರು 10 ಕಿಲೋಗ್ರಾಮ್ ತೂಕದ ಗೆಡ್ಡೆಯನ್ನು ಹೊರತೆಗೆದ. ಅರಿವಳಿಕೆ ಆಗಿನ್ನೂ ಬಂದಿರಲಿಲ್ಲ. ಆಕೆ ಮತ್ತೆ 32 ವರ್ಷ ಬದುಕಿದಳು. ಅದು ಪ್ರಾಣ ಉಳಿಸಿದ ಶಸ್ತ್ರಕ್ರಿಯೆ.

1872ರಲ್ಲಿ ಕಥೆ ಬೇರೆ ತಿರುವು ಪಡೆಯಿತು. ಅಮೆರಿಕದ ರಾಬರ್ಟ್ ಬ್ಯಾಟಿ, ಜರ್ಮನಿಯ ಆಲ್ಫ್ರೆಡ್ ಹೇಗರ್ ಇಬ್ಬರೂ ಗೆಡ್ಡೆಗಾಗಿ ಅಲ್ಲದೆ ಬೇರೆ ತೊಂದರೆಗಳ ಪರಿಹಾರಕ್ಕೆಂದು ಅಂಡಾಶಯಗಳನ್ನು ತೆಗೆದರು. ಮುಟ್ಟನ್ನು ಬೇಗನೆ ನಿಲ್ಲಿಸಿದರೆ ನೋವು ನೀಗುವುದೆಂಬುದು ಬ್ಯಾಟಿಯ ನಂಬಿಕೆ. ಕ್ರಮೇಣ ಅಪಸ್ಮಾರಕ್ಕೆ, ‘ಹಿಸ್ಟೀರಿಯ’ಕ್ಕೆ ಕೂಡ ಇದೇ ಮದ್ದಾಯಿತು. ಎಷ್ಟೋ ಮಹಿಳೆಯರು ಆರೋಗ್ಯವಾಗಿದ್ದ ಅಂಡಾಶಯಗಳನ್ನು ಕಳೆದುಕೊಂಡರು. ಅಂಡಾಶಯಗಳು ನರಗಳ ಮೂಲಕ ದೇಹವನ್ನು ಕಾಡುತ್ತವೆ ಎಂಬುದೇ ಆಗಿನ ತಿಳಿವಳಿಕೆ.

ಅದು ತಪ್ಪೆಂದು ತೋರಿಸಿದ್ದು ಪ್ರಾಣಿಗಳ ಮೇಲಿನ ಪ್ರಯೋಗ. ವಿಯೆನ್ನಾದ ಎಮಿಲ್ ಕ್ನಾವರ್ 1896ರ ಹೊತ್ತಿಗೆ ಮೊಲದ ಅಂಡಾಶಯವನ್ನು ಕಿತ್ತು ದೇಹದ ಬೇರೆಡೆ ನೆಟ್ಟ. ಮೂಲ ನರಸಂಪರ್ಕ ಕಡಿದಿದ್ದರೂ ಗರ್ಭಕೋಶ ಸೊರಗಲಿಲ್ಲ! 1900ರಲ್ಲಿ ಯೋಸೆಫ್ ಹಾಲ್ಬಾನ್ ಗಿನಿಯಿಲಿಗಳಲ್ಲಿ ಇಂಥದೇ ಫಲಿತಾಂಶ ಕಂಡ. ಹಾಗಾದರೆ ಸಂದೇಶ ಸಾಗುವುದು ನರದಲ್ಲಲ್ಲ, ರಕ್ತದಲ್ಲಿ. 1905ರಲ್ಲಿ ಸ್ಟಾರ್ಲಿಂಗ್ ಇಂಥ ರಾಸಾಯನಿಕ ದೂತರಿಗೆ ‘ಹಾರ್ಮೋನು’ ಎಂಬ ಹೆಸರಿತ್ತ. 1923ರಲ್ಲಿ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಹಂದಿಯ ಅಂಡಾಶಯದ ದ್ರವದಲ್ಲಿ ಈ ದೂತನ ಸುಳಿವು ಹಿಡಿದರು. 1929ರಲ್ಲಿ ಡಾಯ್ಸಿ ಹಾಗೂ ಜರ್ಮನಿಯ ಬ್ಯೂಟೆನಾಂಟ್ ಪ್ರತ್ಯೇಕವಾಗಿ ಈಸ್ಟ್ರೋನನ್ನು ಶುದ್ಧರೂಪದಲ್ಲಿ ಪಡೆದರು.

ಈಗ ಎದೆಬಡಿತಕ್ಕೆ ಬರೋಣ. ಮಿದುಳಿನ ಹೈಪೊಥಲಾಮಸ್ ದೇಹದ ಉಷ್ಣತೆಯನ್ನು ಕಾಯುತ್ತದೆ. ಅಲ್ಲಿನ ಕೆಲವು ನರಕೋಶಗಳಿಗೆ ಈಸ್ಟ್ರೊಜನ್ ಕಡಿವಾಣವಿದ್ದಂತೆ. ಸಹಜವಾಗಿ ಮುಟ್ಟು ನಿಲ್ಲುವಾಗ ಈಸ್ಟ್ರೊಜನ್ ವರ್ಷಗಳ ಅವಧಿಯಲ್ಲಿ ಏರಿಳಿಯುತ್ತ ಕಡಿಮೆಯಾಗುತ್ತದೆ. ಶಸ್ತ್ರಕ್ರಿಯೆಯಲ್ಲಿ ಒಮ್ಮೆಗೇ ಕುಸಿಯುತ್ತದೆ. ಕಡಿವಾಣ ಕಳಚಿದ ನರಕೋಶಗಳು ಅತಿಯಾಗಿ ಚುರುಕಾಗಿ, ದೇಹ ಕಾದಿದೆಯೆಂಬ ಸುಳ್ಳು ಸೂಚನೆ ನೀಡುತ್ತವೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಸುರಿಯುತ್ತದೆ, ನಾಡಿ ವೇಗವಾಗುತ್ತದೆ. ಒಂದು ಅಂಡಾಶಯ ಉಳಿದಿದ್ದರೂ ಸಾಮಾನ್ಯವಾಗಿ ಈ ಹಠಾತ್ ಕುಸಿತವಿರದು.

ಇದು ಕೇವಲ ಕಿರಿಕಿರಿಯ ಮಾತಲ್ಲ. 45 ವರ್ಷಕ್ಕೆ ಮುನ್ನ ಎರಡೂ ಅಂಡಾಶಯಗಳನ್ನು ಕಳೆದುಕೊಂಡು ಈಸ್ಟ್ರೊಜನ್ ಪಡೆಯದ ಮಹಿಳೆಯರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು ಅಮೆರಿಕದ ಮೇಯೊ ಕ್ಲಿನಿಕ್‌ನ ಅಧ್ಯಯನವೊಂದು 2006ರಲ್ಲಿ ತೋರಿಸಿತು. ಹಾಗೆಂದು ಎಲ್ಲ ಎದೆಬಡಿತಕ್ಕೂ ಹಾರ್ಮೋನೇ ಕಾರಣವಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಹೃದಯದ ಲಯದೋಷಗಳನ್ನೂ ವೈದ್ಯರು ಪರೀಕ್ಷಿಸಬೇಕು. ಹಾರ್ಮೋನು ಚಿಕಿತ್ಸೆ ಯಾರಿಗೆ ಸೂಕ್ತ ಎಂಬುದನ್ನೂ ಅವರೇ ನಿರ್ಧರಿಸಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಮಹಿಳೆಯ ಸಂಕಟಕ್ಕೆ ‘ಹಿಸ್ಟೀರಿಯ’ ಎಂದು ಹೆಸರಿಟ್ಟು ಅಂಡಾಶಯ ಕತ್ತರಿಸಿದರು. ಇಂದು ಅಂಡಾಶಯ ಕಳೆದುಕೊಂಡವಳ ಎದೆಬಡಿತವನ್ನು ‘ಬರೀ ಮನಸ್ಸಿನ ಭಯ’ ಎಂದು ತಳ್ಳಿಹಾಕಿದರೆ, ನಾವು ಕಲಿತದ್ದಾದರೂ ಏನು?