ಬೀರ್ ನಲ್ಲಿಯಿಂದ ನೀರಾ ಮಡಕೆವರೆಗೆ: ತಂಪು ಯಾರ ಪಾಲು?

ಭಾಗ 1

ಫ್ರೆಂಡ್ಸ್, ಈ ಸಲದ ಸೀರೀಸ್ ಸ್ವಲ್ಪ ಉದ್ದ ಇದೆ. ಬಸ್ಸಲ್ಲಿ ಗುಂಡ್ಲುಪೇಟೆ ಬಿಟ್ಟು ತೆರಕಣಾಂಬಿ ದಾಟೋ ಹೊತ್ತಿಗೆ ಓದಿ ಮುಗಿಸಬಹುದು. ಶುರು ಮಾಡೋ ಮುಂಚೆ ಒಂದು ಮಾತು: ನನಗೆ ಇಪ್ಪತ್ತು ವರ್ಷ, ನಿಮ್ಮಲ್ಲಿ ಬಹಳ ಜನಕ್ಕೂ ಅಷ್ಟೇ. ಇದು ಬೀರ್ ಕುಡೀರಿ ಅಂತ ಹೇಳೋ ಪೋಸ್ಟ್ ಅಲ್ಲ. ಇದು ತಂಪಿನ ಇತಿಹಾಸ.

ಕತೆ ಶುರುವಾಗಿದ್ದು ಒಂದು ವಿಡಿಯೋ ಕಾಲ್‌ನಿಂದ. ನಮ್ಮ ದೊಡ್ಡಪ್ಪನ ಮಗ ಅಮೆರಿಕದಲ್ಲಿದ್ದಾನೆ. ಮನೆಯ ಗ್ಯಾರೇಜಲ್ಲಿ ಪುಟ್ಟ ಬಾರ್ ಮಾಡ್ಕೊಂಡಿದ್ದಾನೆ: ಕೆಳಗೆ ಫ್ರಿಜ್, ಅದರೊಳಗೆ ಬೀರ್ ಪೀಪಾಯಿ, ಮೇಲೆ ಹಿತ್ತಾಳೆ ಕಂಬ, ಕಂಬಕ್ಕೊಂದು ನಲ್ಲಿ. ನಮಗೆಲ್ಲ ತೋರಿಸೋಣ ಅಂತ ನಲ್ಲಿ ತಿರುಗಿಸಿದ. ಲೋಟದ ತುಂಬ ಬರೀ ನೊರೆ. "ಫ್ರಿಜ್ 3 ಡಿಗ್ರಿ ತೋರಿಸ್ತಿದೆ, ಆದ್ರೂ ಮೊದಲನೇ ಲೋಟ ದಿನಾ ಹಿಂಗೇ" ಅಂತ ತಲೆ ಕೆರ್ಕೊಂಡ.

ಜಗಲಿ ಮೇಲೆ ಎಲೆ ಅಡಿಕೆ ಹಾಕ್ತಾ ಕೂತಿದ್ದ ನಮ್ಮ ತಾತ ಫೋನ್ ಕಡೆ ತಿರುಗಿಯೂ ನೋಡದೆ ಅಂದ್ರು: "ಮಡ್ಕ ತಣ್ಣಗಿದ್ರ ಸಾಕಾ ಕೂಸೇ? ಬರೋ ದಾರಿನೂ ತಣ್ಣಗಿರ್ಬೇಕು ಕನಾ."

ಜೀವಮಾನದಲ್ಲಿ ಬೀರ್ ನಲ್ಲಿ ನೋಡದವರು ಸರಿಯಾಗಿ ಹೇಳಿಬಿಟ್ಟರು. ಹೆಂಗೆ? ಕೊನೇ ಭಾಗದವರೆಗೆ ಬನ್ನಿ, ಹೇಳ್ತೀನಿ.

ಭಾಗ 2: ನೊರೆಯ ಲೆಕ್ಕ

ಮೊದಲು ವಿಜ್ಞಾನ, ಎರಡೇ ನಿಮಿಷ. ಬೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತೆ. ದ್ರವ ತಣ್ಣಗಿದ್ದಷ್ಟೂ ಆ ಗ್ಯಾಸು ಒಳಗೇ ಇರುತ್ತೆ, ಬೆಚ್ಚಗಾದರೆ ಹೊರಗೆ ಬರುತ್ತೆ. ಬಿಸಿಲಲ್ಲಿಟ್ಟ ಸೋಡಾ ಬಾಟ್ಲಿ ತೆಗೆದು ಶರ್ಟ್ ಒದ್ದೆ ಮಾಡ್ಕೊಂಡಿದ್ದೀರಲ್ಲ, ಅದೇ.

ನಮ್ಮಣ್ಣನ ಪೀಪಾಯಿ ಫ್ರಿಜ್ ಒಳಗೆ ತಣ್ಣಗೇ ಇತ್ತು. ಆದರೆ ಬೀರ್ ಹತ್ತಿ ಬರೋ ಕೊಳವೆ, ಹಿತ್ತಾಳೆ ಕಂಬ, ನಲ್ಲಿ, ಮೂರೂ ಫ್ರಿಜ್‌ನಿಂದ ಹೊರಗಿದ್ದವು. ಬೇಸಿಗೆ ಗ್ಯಾರೇಜಿನ ಸೆಕೆಗೆ ಲೋಹ ಕಾದಿತ್ತು. ಅದನ್ನ ಮುಟ್ಟಿದ ತಕ್ಷಣ ಗ್ಯಾಸು ಬಿಟ್ಟುಕೊಂಡು ನೊರೆ. ಎರಡನೇ ಲೋಟ ಸರಿಯಾಗಿ ಬರ್ತಿತ್ತು, ಯಾಕಂದ್ರೆ ಮೊದಲನೇ ಲೋಟ ತಾನು ಹಾಳಾಗಿ ದಾರಿಯನ್ನ ತಣ್ಣಗೆ ಮಾಡಿರ್ತಿತ್ತು.

ಪರಿಹಾರ ಸರಳ. ಫ್ರಿಜ್ ಒಳಗೊಂದು ಪುಟ್ಟ ಫ್ಯಾನು, ಅಲ್ಲಿಂದ ಕಂಬದ ನೆತ್ತಿವರೆಗೆ ಒಂದು ಪೈಪು. ತಣ್ಣನೆ ಗಾಳಿ ನಲ್ಲಿ ಹತ್ತಿರ ಹೋಗಿ ವಾಪಸ್ ಇಳಿಯುತ್ತೆ. ಕೊಳವೆಗೆ ತಾಮ್ರದ ಕವಚ ಹಾಕಿದರೆ ಫ್ರಿಜ್‌ನ ತಂಪು ಮೇಲಕ್ಕೆ ಹರಿಯುತ್ತೆ. ಸುತ್ತ ಶಾಖ ತಡೆಯೋ ಸ್ಪಂಜು ಸುತ್ತಬೇಕು. ಪೀಪಾಯಿ ಒಂದು ಕಡೆ, ನಲ್ಲಿ ಇನ್ನೆಲ್ಲೋ ಇರೋ ದೊಡ್ಡ ಬಾರ್‌ಗಳಲ್ಲಿ ಬೀರ್ ಕೊಳವೆ ಪಕ್ಕದಲ್ಲೇ ಗ್ಲೈಕಾಲ್ ಬೆರೆಸಿದ ತಣ್ಣೀರಿನ ಕೊಳವೆ ಓಡಿಸಿ, ಎರಡನ್ನೂ ಸೇರಿಸಿ ಸುತ್ತಿಬಿಡ್ತಾರೆ. ಗ್ಲೈಕಾಲ್ ಯಾಕೆ? ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಅದು ಹೆಪ್ಪುಗಟ್ಟಲ್ಲ.

ತಂಪನ್ನ ಒಂದು ಜಾಗದಲ್ಲಿ ಮಾಡೋದು ಅರ್ಧ ಕೆಲಸ. ಅದನ್ನ ದಾರಿಯುದ್ದಕ್ಕೂ ಕಾಯೋದು ಇನ್ನರ್ಧ. ಈಗ ಇತಿಹಾಸಕ್ಕೆ ಬರೋಣ.

ಭಾಗ 3: 180 ಟನ್ ಹೊರಟಿತು, 100 ಟನ್ ಬಂತು

ಫ್ರಿಜ್ ಇಲ್ಲದ ಕಾಲದಲ್ಲಿ ತಂಪು ಅಂದರೆ ಅರಮನೆಯ ಸೊತ್ತು. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಲ್ಲಿ ಪಾತ್ರೆ ತಿರುಗಿಸಿ ಕುಡಿಯೋ ನೀರು ತಣಿಸ್ತಿದ್ದ ವಿಧಾನ ಐನ್-ಇ-ಅಕ್ಬರಿಯಲ್ಲಿದೆ. ಪೆಟ್ಲುಪ್ಪು ನೀರಲ್ಲಿ ಕರಗುವಾಗ ಶಾಖ ಎಳ್ಕೊಳ್ಳುತ್ತೆ. ಆಮೇಲೆ ಬಂದ ಬ್ರಿಟಿಷರ ಮನೆಗಳಲ್ಲೂ ಇದೇ ಉಪಾಯ. ಈ ಕೆಲಸಕ್ಕೇ ಒಬ್ಬ ಆಳು, ಹೆಸರು ಆಬ್‌ದಾರ್. ಸಾಹೇಬರ ವೈನು, ಬೀರು, ನೀರು ತಣ್ಣಗಿಡೋದೇ ಅವನ ನೌಕರಿ. ಅಂದರೆ ಆಗಿನ ಕೂಲಿಂಗ್ ಮೆಷಿನ್ ಒಬ್ಬ ಮನುಷ್ಯ.

1833ರಲ್ಲಿ ಒಂದು ವಿಚಿತ್ರ ನಡೀತು. ಬೋಸ್ಟನ್‌ನ ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಕೊಯ್ದ ಮಂಜುಗಡ್ಡೆಯನ್ನ ಟಸ್ಕನಿ ಅನ್ನೋ ಹಡಗಿಗೆ ತುಂಬಿ ಕಲ್ಕತ್ತಾಕ್ಕೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ. ತುಂಬಿದ್ದು ಸುಮಾರು 180 ಟನ್, ಉಳಿದು ತಲುಪಿದ್ದು ಸುಮಾರು 100 ಟನ್.

ಬಿಕಾಂ ಗೆಳೆಯರೇ, ನೂರಕ್ಕೆ 44 ಭಾಗ ಲಾಸ್! ನಮ್ಮ ಕಾಸ್ಟ್ ಅಕೌಂಟಿಂಗ್‌ನಲ್ಲಿ ಬರೋ ನಾರ್ಮಲ್ ಲಾಸ್ ನೆನಪಾಯ್ತಾ? ಕರಗಿ ಹೋಗಿದ್ದನ್ನೂ ಉಳಿದ ಮಾಲಿನ ಬೆಲೆಗೇ ಸೇರಿಸಬೇಕು. ಆದರೂ ವ್ಯಾಪಾರ ನಡೀತು. ಮರದ ಪುಡಿಯಂಥ ಶಾಖ ತಡೆಯೋ ವಸ್ತು ತುಂಬಿದ್ದಕ್ಕೆ ಅಷ್ಟಾದರೂ ಉಳೀತು. ಇನ್ನೊಂದು ಕಾರಣ ಮಂಜುಗಡ್ಡೆಯ ಗುಣ: ಸೊನ್ನೆ ಡಿಗ್ರಿಯ ಒಂದು ಕೆ.ಜಿ. ಮಂಜುಗಡ್ಡೆ ಬರೀ ಕರಗೋಕೆ ತಗೊಳ್ಳೋ ಶಾಖದಲ್ಲಿ ಒಂದು ಕೆ.ಜಿ. ನೀರನ್ನ ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಅಷ್ಟು ಹಟಮಾರಿ ಅದು.

ಮುಖ್ಯವಾದ ಸಂಗತಿ ಈಗ. ಕಲ್ಕತ್ತಾದ ಸರ್ಕಾರ ಆ ಮಂಜುಗಡ್ಡೆಗೆ ಸುಂಕ ಮನ್ನಾ ಮಾಡಿತು. ಸಾಹೇಬರು ಚಂದಾ ಎತ್ತಿ ಅದನ್ನಿಡೋಕೆ ಮನೆ ಕಟ್ಟಿಸಿದರು. ಮದ್ರಾಸಿನಲ್ಲೂ 1842ರಲ್ಲಿ ಸಮುದ್ರದ ಎದುರಿಗೆ ಐಸ್ ಹೌಸ್ ಎದ್ದಿತು. ಸ್ವಾಮಿ ವಿವೇಕಾನಂದರು 1897ರಲ್ಲಿ ಉಳಿದಿದ್ದು ಅದೇ ಕಟ್ಟಡದಲ್ಲಿ. ಚೆನ್ನೈಗೆ ಹೋದರೆ ಮರೀನಾ ಎದುರು ಈಗಲೂ ನೋಡಬಹುದು.

"ಸುಂಕ ಮನ್ನಾ" ಅನ್ನೋ ಪದ ನೆನಪಿಟ್ಕೊಳ್ಳಿ.

ಭಾಗ 4: ನಮ್ಮ ತಲೆ ಮೇಲಿನ ತಂಪು

ಮಂಜುಗಡ್ಡೆ ತರೋದು ದುಬಾರಿ. ಹಾಗಾದ್ರೆ ತಂಪು ಇರೋ ಕಡೆಗೇ ಬೀರ್ ಕಾರ್ಖಾನೆ ಹೋದರೆ? ಬ್ರಿಟಿಷರು ಮಾಡಿದ್ದು ಅದನ್ನೇ. ಉತ್ತರದಲ್ಲಿ ಕಸೌಲಿ ಬೆಟ್ಟ, ದಕ್ಷಿಣದಲ್ಲಿ ನೀಲಗಿರಿ.

ಗುಂಡ್ಲುಪೇಟೆಯವರಿಗೆ ನೀಲಗಿರಿ ಗೊತ್ತಲ್ಲ, ಬಂಡೀಪುರ ದಾಟಿದರೆ ಅಲ್ಲೇ. ನಾವಿರೋದು ಸುಮಾರು 800 ಮೀಟರ್ ಎತ್ತರದಲ್ಲಿ, ಊಟಿ ಸುಮಾರು 2,240 ಮೀಟರ್‌ನಲ್ಲಿ. ಬೀರ್ ಹುಳಿ ಬರಿಸೋ ಯೀಸ್ಟಿಗೆ ಸೆಕೆ ಆಗಲ್ಲ. ಏಲ್ ಜಾತಿಯ ಬೀರಿಗೆ 15ರಿಂದ 20 ಡಿಗ್ರಿ ಸಾಕು, ಲಾಗರ್‌ಗೆ ಇನ್ನೂ ಕಡಿಮೆ, ಸುಮಾರು 8ರಿಂದ 13. ಮೆಷಿನ್ ಇಲ್ಲದ ಕಾಲದಲ್ಲಿ ಬೆಟ್ಟವೇ ಫ್ರಿಜ್.

1857ರಲ್ಲಿ ನೀಲಗಿರಿಯಲ್ಲಿ ಶುರುವಾದ ಕ್ಯಾಸಲ್ ಬ್ರೂವರಿ ಹಂಗೇ ಹುಟ್ಟಿದ್ದು. 1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ಅದನ್ನೂ ಬೆಂಗಳೂರು ಕಡೆಯ ಬೇರೆ ಬ್ರೂವರಿಗಳನ್ನೂ ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದೊಡ್ಡ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿ ಮೇಲೆ ಬ್ರಿಟಿಷ್ ಪಡೆಗಳಿಗೆ ಬೀರ್ ಸಾಗಿಸ್ತಿದ್ದರು ಅಂತ ಕಂಪನಿಯೇ ತನ್ನ ಕತೆ ಹೇಳಿಕೊಳ್ಳುತ್ತೆ. 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಆಮೇಲಿನದು ನಿಮಗೇ ಗೊತ್ತು.

ಒಂದು ಕ್ಷಣ ಆ ಗಾಡಿ ಕಲ್ಪಿಸ್ಕೊಳ್ಳಿ. ಬೆಟ್ಟದಲ್ಲಿ ತಣ್ಣಗೆ ತಯಾರಾದದ್ದು ಬಯಲಿನ ಬಿಸಿಲಿಗೆ ಇಳೀಬೇಕು. ಪೀಪಾಯಿ ತಣ್ಣಗಿತ್ತು, ದಾರಿ ಬಿಸಿ. ನಮ್ಮಣ್ಣನ ಗ್ಯಾರೇಜಿನ ತಲೆನೋವೇ, ಕೊಳವೆ ಬದಲು ಎತ್ತಿನ ಗಾಡಿ ಅಷ್ಟೇ.

ಭಾಗ 5: ಮೆಷಿನ್ ಬಂತು, ಕರೆಂಟ್ ಬಂತು

1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ತಂಪು ಮಾಡೋ ಯಂತ್ರ ಕಟ್ಟಿದ. ಅವನಿಗೆ ಬೆನ್ನೆಲುಬಾಗಿ ನಿಂತವರು ಯಾರು ಅಂತೀರಾ? ಬೀರ್ ತಯಾರಕರು. ಮ್ಯೂನಿಕ್‌ನ ಸ್ಪಾಟನ್ ಬ್ರೂವರಿಯಲ್ಲಿ ಅವನ ಮೊದಲ ಯಂತ್ರಗಳು ಓಡಿದವು. ಅಮೋನಿಯಾ ಗ್ಯಾಸನ್ನ ಒತ್ತಿ ದ್ರವ ಮಾಡೋದು, ಅದು ಮತ್ತೆ ಆವಿಯಾಗುವಾಗ ಸುತ್ತಲಿನ ಶಾಖ ಎಳ್ಕೊಳ್ಳೋದು, ಇದೇ ತತ್ವ. ನಮ್ಮ ಮನೆ ಫ್ರಿಜ್ಜಲ್ಲಿ ಗ್ಯಾಸು ಬೇರೆ, ತತ್ವ ಅದೇ. ಬೀರಿಗೋಸ್ಕರ ಬೆಳೆದ ಯಂತ್ರ ಆಮೇಲೆ ಮಾಂಸ, ಹಾಲು, ಲಸಿಕೆ ಎಲ್ಲವನ್ನೂ ಕಾದಿತು.

ಯಂತ್ರಕ್ಕೆ ಶಕ್ತಿ ಬೇಕು. ಇಲ್ಲಿ ನಮ್ಮ ಜಿಲ್ಲೆಯವರು ಸ್ವಲ್ಪ ಕಾಲರ್ ಎತ್ತಬಹುದು. ಕೊಳ್ಳೇಗಾಲದ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಶುರುವಾಯಿತು. ಆದರೆ ಆ ಕರೆಂಟ್ ಮೊದಲು ಹೋಗಿದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳಿಗೆ. ನೀರು ಬೀಳೋದು ಇಲ್ಲಿ, ದೀಪ ಹತ್ತೋದು ಅಲ್ಲಿ.

ಭಾಗ 6: ದಾರಿ ಬಿಸಿಯಾದರೆ ಹೆಂಡ

ಈಗ ಬೀರ್ ಬಿಡಿ. ನಮ್ಮ ತೆಂಗಿನ ಮರಕ್ಕೆ ಬನ್ನಿ. ಅಲ್ಲೂ ಒಂದು ನಲ್ಲಿ ಇದೆ.

ಹೊಂಬಾಳೆ ಸೀಳಿದರೆ ತೊಟ್ಟಿಕ್ಕೋ ರಸ ನೀರಾ. ಸಿಹಿ, ಪೌಷ್ಟಿಕ, ಮತ್ತಿಲ್ಲ. ಆದರೆ ಮರದ ಮೇಲೆ ಮಡಕೆ ಬಿಸಿಲಲ್ಲಿ ಕೂತರೆ ಕೆಲವೇ ಗಂಟೆಯಲ್ಲಿ ಹುಳಿ ಬಂದು ಹೆಂಡ ಆಗುತ್ತೆ. ಅದನ್ನ ತಡೆಯೋಕೆ ಹಳಬರು ಮಡಕೆ ಒಳಗೆ ಸುಣ್ಣ ಬಳೀತಿದ್ದರು. ಅಂದರೆ ನೀರಾಕ್ಕೂ ಹೆಂಡಕ್ಕೂ ನಡುವೆ ಇರೋದು ಸಮಯ ಮತ್ತು ಸೆಕೆ. ಕಾನೂನಿನ ಕಣ್ಣಲ್ಲಿ ಮಾತ್ರ ಅದು ಪೊಲೀಸ್ ಕೇಸು.

ತೆಂಗಿಗೆ ನುಸಿ ರೋಗ ಬಿದ್ದು ಕಾಯಿ ಕೈಕೊಟ್ಟ ಕಾಲದಲ್ಲಿ ರೈತರು "ನೀರಾ ಇಳಿಸೋಕೆ ಬಿಡಿ" ಅಂತ ಬೀದಿಗಿಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಆ ಹೋರಾಟದ ಮೇಲೆ ಗೋಲಿಬಾರ್ ಆಯಿತು. ರೈತರು ಸತ್ತರು. ಒಂದು ಸಿಹಿ ರಸಕ್ಕೋಸ್ಕರ. ಕರ್ನಾಟಕದಲ್ಲಿ ನೀರಾ ಇಳಿಸೋಕೆ ಕಾನೂನಿನ ದಾರಿ ತೆರೆದದ್ದು 2017ರ ಹೊತ್ತಿಗೆ.

ಕಲ್ಕತ್ತಾದ ಮಂಜುಗಡ್ಡೆಗೆ ಸುಂಕ ಮನ್ನಾ ಆಗಿತ್ತಲ್ಲ, ನೆನಪಿದೆಯಾ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾನೇನೂ ಹೇಳಲ್ಲ.

ಖುಷಿಯ ಸುದ್ದಿಯೂ ಇದೆ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿ ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಆಗಿರೋದರ ವಿಜ್ಞಾನಿಗಳು ಒಂದು ಸರಳ ಸಾಧನ ಮಾಡಿದರು. ಒಂದು ಪಿವಿಸಿ ಕೊಳವೆ, ತುದಿ ಅಗಲವಾಗಿ ಡಬ್ಬಿಯಂತೆ. ಡಬ್ಬಿ ಒಳಗೆ ರಸ ಹಿಡಿಯೋ ಪಾತ್ರೆ, ಸುತ್ತ ಐಸು, ಹೊರಗೆ ಶಾಖ ತಡೆಯೋ ಹೊದಿಕೆ. ಹೊಂಬಾಳೆಯಿಂದ ಬಿದ್ದ ಹನಿ ನೇರ ತಂಪಿಗೇ ಇಳಿಯುತ್ತೆ. ಸುಣ್ಣ ಬೇಡ, ಹುಳಿ ಇಲ್ಲ. ಹಿಂಗೆ ಸಿಕ್ಕಿದ ರಸಕ್ಕೆ ಅವರಿಟ್ಟ ಹೆಸರು ಕಲ್ಪರಸ.

ಅಮೆರಿಕದ ಗ್ಯಾರೇಜಿನ ಹಿತ್ತಾಳೆ ಕಂಬವನ್ನೂ ಕಾಸರಗೋಡಿನ ಈ ಪಿವಿಸಿ ಡಬ್ಬಿಯನ್ನೂ ಒಟ್ಟಿಗೆ ನೋಡಿ. ಎರಡೂ ಒಂದೇ ಪ್ರಶ್ನೆಗೆ ಉತ್ತರ. ಒಂದು ಹವ್ಯಾಸ, ಇನ್ನೊಂದು ಹೊಟ್ಟೆಪಾಡು.

ಭಾಗ 7: ತಾತನಿಗೆ ಹೆಂಗೆ ಗೊತ್ತಾಯ್ತು?

ಕೊನೆಗೆ ಕೇಳಿಯೇಬಿಟ್ಟೆ. ತಾತ ಒಂದು ಕಾಲದಲ್ಲಿ ಸೈಕಲ್ ಮೇಲೆ ಹಾಲಿನ ಕ್ಯಾನ್ ಹೊತ್ತು ಊರಿಂದ ಊರಿಗೆ ಹೋಗ್ತಿದ್ದರು. ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತೋದು, ದಾರಿಯಲ್ಲಿ ಸಿಗೋ ಬೋರ್‌ವೆಲ್‌ನಲ್ಲೆಲ್ಲ ಮತ್ತೆ ನೀರು ಚಿಮುಕಿಸೋದು. ಗಾಳಿಗೆ ನೀರು ಆವಿಯಾಗಿ ಕ್ಯಾನ್ ತಣ್ಣಗಿರುತ್ತೆ. ಮನೆ ಹೂಜಿಯದ್ದೂ ಇದೇ ಕೆಲಸ.

ಒಂದು ಏಪ್ರಿಲ್‌ನಲ್ಲಿ ಸೈಕಲ್ ಪಂಚರ್ ಆಯಿತು. ಗೋಣಿ ಒಣಗಿತು. ತಲುಪೋ ಹೊತ್ತಿಗೆ ಹಾಲು ಒಡೆದಿತ್ತು. ಅದು ನಮ್ಮೊಂದೇ ಮನೆಯ ಹಾಲಲ್ಲ, ಆರು ಮನೆಯದು. ಆರು ಮನೆಗೂ ತಾತ ತಮ್ಮ ಜೇಬಿಂದ ದುಡ್ಡು ಕೊಟ್ಟರು. ತೀರಿಸೋಕೆ ದೀಪಾವಳಿವರೆಗೂ ಹಿಡೀತು. ನಮ್ಮಪ್ಪ ಆ ವರ್ಷ ಹಳೇ ಪುಸ್ತಕದಲ್ಲೇ ಓದಿದ್ದು. ಇದನ್ನ ತಾತ ಇಷ್ಟು ದಿನ ನಮಗ್ಯಾರಿಗೂ ಹೇಳಿರಲಿಲ್ಲ.

"ಹಾಲು ಹಸುನತ್ರ ಕೆಡ್ನಿಲ್ಲ, ಡೈರಿಲೂ ಕೆಡ್ನಿಲ್ಲ ಕೂಸೇ. ದಾರಿಲಿ ಕೆಡ್ತು" ಅಂದರು.

ಈಗ ಬಹಳ ಊರುಗಳ ಡೈರಿಯಲ್ಲೇ ಹಾಲನ್ನ 4 ಡಿಗ್ರಿಗೆ ಇಳಿಸೋ ದೊಡ್ಡ ಸ್ಟೀಲ್ ತೊಟ್ಟಿಗಳಿವೆ. ಟ್ಯಾಂಕರ್ ಬರುತ್ತೆ, ಕುದೇರಿನ ಡೈರಿಗೆ ಒಯ್ಯುತ್ತೆ. ತಾತನ ಗೋಣಿಚೀಲದ ಕೆಲಸ ಈಗ ಕಂಪ್ರೆಸರ್ ಮಾಡುತ್ತೆ. ಆದರೆ ಟೊಮ್ಯಾಟೊಗೆ, ಹೂವಿಗೆ, ಸೊಪ್ಪಿಗೆ ಆ ದಾರಿ ಇನ್ನೂ ಬಿಸಿಯಾಗೇ ಇದೆ. ತೆರಕಣಾಂಬಿ ತರಕಾರಿ ಮಾರ್ಕೆಟ್ ಮುಂದೆ ಬಸ್ ನಿಂತಾಗ ಕಿಟಕಿಯಿಂದ ಒಂದು ಸಲ ನೋಡಿ. ಸಂಜೆ ಹೊತ್ತಿಗೆ ರೇಟು ಯಾಕೆ ಬೀಳುತ್ತೆ ಅಂತ ಯಾವ ಎಕನಾಮಿಕ್ಸ್ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಆಗುತ್ತೆ. ಕಾಯೋಕೆ ತಂಪು ಇಲ್ಲದವನು ಸಿಕ್ಕ ರೇಟಿಗೆ ಮಾರಲೇಬೇಕು.

ನಮ್ಮಣ್ಣ ಫ್ಯಾನು ಹಾಕಿದ. ಮೊದಲನೇ ಲೋಟ ಈಗ ನೊರೆ ಇಲ್ಲದೆ ಬರ್ತಿದೆ ಅಂತ ಫೋಟೋ ಕಳಿಸಿದ. ತಾತನಿಗೆ ತೋರಿಸಿದೆ. ನೋಡಿ, "ಗೋಣಿ ಒಣಗಕ್ಕ ಬುಡ್ಬೇಡ ಅನ್ನು" ಅಂದು ಎಲೆಗೆ ಸುಣ್ಣ ಹಚ್ಚಿಕೊಂಡರು.

ನಿಮ್ಮ ಮನೆಯಲ್ಲಿ ಫ್ರಿಜ್ ಬರೋ ಮುಂಚೆ ಏನನ್ನ ಹೆಂಗೆ ತಣ್ಣಗಿಡ್ತಿದ್ದರು? ಇವತ್ತು ಮನೆಗೆ ಹೋಗಿ ಅಜ್ಜಿನೋ ತಾತನ್ನೋ ಕೇಳಿ, ಕಾಮೆಂಟಲ್ಲಿ ಬರೀರಿ. ಒಂದೊಂದನ್ನೂ ಓದ್ತೀನಿ.

#ತಂಪಿನಕತೆ #ಗುಂಡ್ಲುಪೇಟೆ #ಚಾಮರಾಜನಗರ #ನಮ್ಮಇತಿಹಾಸ