ಸುಟ್ಟ ಮೋಟಾರಿನಿಂದ ಹುಟ್ಟಿದ ಮಿಕ್ಸಿ

ಹೋದ ತಿಂಗಳು ನಮ್ಮ ಅತ್ತಿಗೆ ಫೋನಿನಲ್ಲೇ ಆರ್ಡರ್ ಮಾಡಿ ಒಂದು ಪುಟ್ಟ ಮಿಕ್ಸಿ ತರಿಸಿದರು. ದೊಡ್ಡ ಲೋಟದಷ್ಟು ಪ್ಲಾಸ್ಟಿಕ್ ಕಪ್ಪು. ಬೋರಲು ಹಾಕಿ ಒತ್ತಿದರೆ ತಿರುಗುತ್ತದೆ. ಮೊದಲ ವಾರ ಬಾಳೆಹಣ್ಣಿನ ಜ್ಯೂಸು, ಶುಂಠಿ-ಬೆಳ್ಳುಳ್ಳಿ ಎಲ್ಲ ಚೆನ್ನಾಗಿಯೇ ಆಯಿತು. ಎರಡನೇ ವಾರ ಒಣಕೊಬ್ಬರಿ, ಹುರಿಗಡಲೆ, ಒಣಮೆಣಸಿನಕಾಯಿ ಹಾಕಿ ಗಟ್ಟಿ ಚಟ್ನಿಗೆ ಇಟ್ಟರು. ಸುಟ್ಟ ವಾಸನೆ ಬಂತು, ಮಿಕ್ಸಿ ನಿಂತಿತು. "ನನಗೇ ಹಾಕೋಕೆ ಬರಲಿಲ್ಲವೇನೋ" ಅಂತ ಪೇಚಾಡಿಕೊಂಡರು.

ತಪ್ಪು ಅವರದಲ್ಲ. ಅರವತ್ತು ವರ್ಷದ ಹಿಂದೆ ಇನ್ನೊಬ್ಬ ಹೆಣ್ಣುಮಗಳ ಅಡುಗೆಮನೆಯಲ್ಲೂ ಹೀಗೇ ಆಗಿತ್ತು. ನಮ್ಮ ದೇಶದ ಮಿಕ್ಸಿ ಹುಟ್ಟಿದ್ದೇ ಅಲ್ಲಿಂದ.

ಮೊದಲು ಈ ಯಂತ್ರ ಎಲ್ಲಿಯದು ನೋಡೋಣ. 1922ರಲ್ಲಿ ಅಮೆರಿಕದ ರಸೀನ್ ಊರಿನ ಸ್ಟೀಫನ್ ಪೊಪ್ಲಾವ್‌ಸ್ಕಿ ಎಂಬಾತ ಲೋಟದ ತಳದಲ್ಲಿ ತಿರುಗುವ ಬ್ಲೇಡ್ ಕೂರಿಸಿದ. ಸೋಡಾ ಅಂಗಡಿಗಳಲ್ಲಿ ಹಾಲಿಗೆ ಮಾಲ್ಟ್ ಪುಡಿ ಬೆರೆಸಿ ಕೊಡುವುದಕ್ಕೆ ಅದು. 1937ರ ಹೊತ್ತಿಗೆ ವಾದ್ಯತಂಡದ ನಾಯಕ ಫ್ರೆಡ್ ವೇರಿಂಗ್ ಹೆಸರಿನಲ್ಲಿ ಬ್ಲೆಂಡರ್ ಮಾರಾಟಕ್ಕೆ ಬಂತು. ಅದೂ ಹಣ್ಣು, ಐಸು, ಪಾನಕದ ಕೆಲಸಕ್ಕೇ. ಅಂದರೆ ನೀರಿನಲ್ಲಿ ಮೆತ್ತಗಿನದನ್ನು ಕಲಸುವ ಯಂತ್ರ.

ನಮ್ಮ ಅಡುಗೆಮನೆಯ ಕೆಲಸ ಕಲಸುವುದಲ್ಲ, ರುಬ್ಬುವುದು. ನೆನೆಸಿದ ಉದ್ದಿನಬೇಳೆ, ತೆಂಗಿನಕಾಯಿ, ಸಾರಿನ ಖಾರ. ಒರಳಿನಲ್ಲಿ ಗುಂಡುಕಲ್ಲು ತಿರುಗಿಸುತ್ತ, ಎಡಗೈಯಲ್ಲಿ ಒಳಕ್ಕೆ ತಳ್ಳುತ್ತ ಕೂತರೆ ದೋಸೆ ಹಿಟ್ಟಿಗೆ ಗಂಟೆ ಹಿಡಿಯುತ್ತಿತ್ತು.

1960ರ ದಶಕದಲ್ಲಿ ಮಾಧುರಿ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಬ್ರಾನ್ ಕಂಪನಿಯ ಮಿಕ್ಸರ್ ಇತ್ತು. ನಮ್ಮ ಖಾರ, ಕಾಯಿ ರುಬ್ಬಿ ರುಬ್ಬಿ ಅದರ ಮೋಟಾರು ಸುಟ್ಟಿತು. ಆಗ ಇಲ್ಲಿ ರಿಪೇರಿ ಮಾಡುವವರಿರಲಿಲ್ಲ. ಗಂಡ ಸತ್ಯಪ್ರಕಾಶ್ ಮಾಥುರ್ ಸೀಮೆನ್ಸ್ ಕಂಪನಿಯಲ್ಲಿ ಎಂಜಿನಿಯರ್. ಸುಟ್ಟದ್ದನ್ನು ಸರಿಮಾಡುವ ಬದಲು, ನಮ್ಮ ಅಡುಗೆಯನ್ನು ತಡೆಯುವ ಯಂತ್ರವನ್ನೇ ಮಾಡಲು ಹೊರಟರು. ಹೆಚ್ಚು ಶಕ್ತಿಯ ಮೋಟಾರು, ಸ್ಟೀಲ್ ಜಾರು, ಗಟ್ಟಿ ಬ್ಲೇಡು. ಅದೇ ಸುಮೀತ್ ಮಿಕ್ಸಿ. ಹೆಸರಿನ ಅರ್ಥ ಒಳ್ಳೆಯ ಗೆಳೆಯ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ 'ಸುಮೀತ್' ಅಂದರೇ ಮಿಕ್ಸಿ ಎನ್ನುವಂತಾಯಿತು. ಆಮೇಲೆ 1978ರಲ್ಲಿ ಚೆನ್ನೈಯ ಪ್ರೀತಿ ಬಂತು, ಇನ್ನೂ ಹಲವು ಬಂದವು.

ಆದರೆ ಪೇಟೆಗೆ ಬಂದ ಮಿಕ್ಸಿ ಹಳ್ಳಿಗೆ ಬರಲು ವರ್ಷಗಟ್ಟಲೆ ಹಿಡಿಯಿತು. ಅದಕ್ಕೆ ದುಡ್ಡೊಂದೇ ಕಾರಣವಲ್ಲ.

ಹಳ್ಳಿಗೆ ಮೊದಲು ಬಂದದ್ದು ಹಿಟ್ಟಿನ ಗಿರಣಿ. ರಾಗಿ, ಜೋಳದ ಚೀಲ ಗಿರಣಿಗೆ ಹೋಯಿತು, ಬೀಸುಕಲ್ಲು ಮೂಲೆ ಸೇರಿತು. ಆದರೆ ಸಾರಿನ ಖಾರವನ್ನು ಗಿರಣಿಗೆ ಹೊರುವುದಕ್ಕಾಗುತ್ತದೆಯೇ? ಅದು ದಿನಾ ಹಸಿಯಾಗಿಯೇ ಆಗಬೇಕು. ಹಾಗಾಗಿ ಒರಳು ಉಳಿಯಿತು, ಅದರ ಮುಂದೆ ಹೆಂಗಸರೂ ಉಳಿದರು. ಭಾಗ್ಯಜ್ಯೋತಿ ಬಡವರ ಮನೆಗೆ ಕರೆಂಟು ತಂದಿತು, ನಿಜ. ಆದರೆ ಅದು ಒಂದು ಬಲ್ಬಿನ ಕರೆಂಟು. ಪಂಪ್‌ಸೆಟ್ಟಿಗೂ ಮನೆಗೂ ಒಂದೇ ಲೈನು, ಸಂಜೆ ಅಡುಗೆ ಹೊತ್ತಿಗೇ ಲೋಡ್ ಶೆಡ್ಡಿಂಗ್. ಕರೆಂಟು ಇದ್ದಾಗಲೂ ವೋಲ್ಟೇಜು ಕಮ್ಮಿಯಾದರೆ ಮಿಕ್ಸಿ ಗುಂಯ್‌ಗುಟ್ಟಿ ಬಿಸಿಯಾಗುತ್ತಿತ್ತು. ಮುಂದೆ ನಿರಂತರ ಜ್ಯೋತಿ ಯೋಜನೆ ಮನೆಯ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಿದ ಮೇಲೆ ಎಷ್ಟೋ ಊರುಗಳಲ್ಲಿ ಸ್ಥಿತಿ ಸುಧಾರಿಸಿತು.

ಲೆಕ್ಕ ಹಾಕಿ ನೋಡಿ. 500 ವಾಟಿನ ಮಿಕ್ಸಿಯನ್ನು ದಿನಕ್ಕೆ 10 ನಿಮಿಷ ಓಡಿಸಿದರೆ ತಿಂಗಳಿಗೆ ಎರಡೂವರೆ ಯೂನಿಟ್. ಇಷ್ಟು ಕರೆಂಟು ಹೊತ್ತಿಗೆ ಸರಿಯಾಗಿ ಸಿಗಲಿಲ್ಲ ಎಂದು ನಮ್ಮ ಅವ್ವನಂಥವರು ಎಷ್ಟು ವರ್ಷ ಗುಂಡುಕಲ್ಲು ತಿರುಗಿಸಿದರು! ಅವ್ವನ ಬಲಭುಜ ಇವತ್ತಿಗೂ ಚಳಿಗಾಲದಲ್ಲಿ ನೋಯುತ್ತದೆ.

ಈಗ ಮತ್ತೆ ಪುಟ್ಟ ಕಪ್ಪಿನ ಮಿಕ್ಸಿಗೆ ಬರೋಣ. ಇದರ ಗುಣ ಆ ಹಳೆಯ ಪಾನಕದ ಯಂತ್ರದ್ದೇ. ಜ್ಯೂಸು, ಮಜ್ಜಿಗೆ, ಟೊಮೆಟೊ, ನೀರು ಹಾಕಿದ ಹಸಿಕಾಯಿ ಚಟ್ನಿ ಇದಕ್ಕೆ ಸರಿ. ಒಬ್ಬಿಬ್ಬರೇ ಇರುವ ಮನೆಗೆ ಅನುಕೂಲ, ತೊಳೆಯುವುದೂ ಸುಲಭ. ಒಣಕೊಬ್ಬರಿ, ಅರಿಶಿನದ ಕೊಂಬು, ಬೇಳೆ ಹಾಕಬೇಡಿ. ಅರ್ಧ ನಿಮಿಷ ಓಡಿಸಿ, ಬಿಟ್ಟು, ಮತ್ತೆ ಓಡಿಸಿ. ಬಿಸಿ ಸಾರು ಹಾಕಿ ಮುಚ್ಚಿದರೆ ಹಬೆಗೆ ಕಪ್ಪು ಸಿಡಿಯಬಹುದು. ಕೊಳ್ಳುವ ಮುಂಚೆ ಡಬ್ಬಿಯ ಮೇಲೆ ಎಷ್ಟು ವಾಟು, ಒಂದೇಸಮನೆ ಎಷ್ಟು ಹೊತ್ತು ಓಡಿಸಬಹುದು ಎಂಬುದನ್ನು ಓದಿ.

ಅತ್ತಿಗೆಗೆ ಈ ಕಥೆಯೆಲ್ಲ ಹೇಳಿದೆ. "ಆಯಮ್ಮನ ಗಂಡ ಎಂಜಿನಿಯರ್ರು, ಹೊಸದನ್ನೇ ಮಾಡಿಕೊಟ್ಟ. ನಿಮ್ಮಣ್ಣ ಒಂದು ಹಳೇ ಮಿಕ್ಸಿ ರಿಪೇರಿ ಮಾಡಿಸಿಕೊಟ್ಟರೆ ಸಾಕು" ಅಂದರು. ಅಣ್ಣ ಮರುದಿನವೇ ಅಟ್ಟದಿಂದ ಮೂರು ಜಾರಿನ ಹಳೇ ಮಿಕ್ಸಿ ಇಳಿಸಿ ಪೇಟೆಗೆ ಒಯ್ದ. ಕಾರ್ಬನ್ ಬ್ರಷ್ ಸವೆದಿತ್ತು, ಅಷ್ಟೇ.